ಕಾರ್ನೆಗಿ ಮೆಲನ್‌ನ ಕಂಪ್ಯೂಟರ್ ಕಾಲೇಜು: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿರುವ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸ್ಕೂಲ್ ಆಫ್ ಕಂಪ್ಯೂಟರ್ ಸೈನ್ಸ್ ಬಗ್ಗೆ ಕೇಳುವವರು ಮೂರು ಥರ. ಅರ್ಜಿ ಹಾಕುವ ಹುಡುಗ ಹುಡುಗಿಯರು, ಅವರ ಅಪ್ಪ ಅಮ್ಮಂದಿರು, ಮತ್ತೆ ಸುಮ್ನೆ ಕುತೂಹಲಕ್ಕೆ ಕೇಳುವವರು. ಮೂವರ ಮಾತೂ ಕೊನೆಗೆ ಒಂದೇ ಕಡೆ ಬಂದು ನಿಲ್ಲುತ್ತದೆ: ಒಂದು ಕಾಲೇಜಿಗೆ ಏಳು ವಿಭಾಗ ಯಾಕೆ? ಎಲ್ಲವೂ ಕಂಪ್ಯೂಟರ್ ಸೈನ್ಸೇ ಅಲ್ವಾ? ಇದಕ್ಕೆ ಉತ್ತರ ಸಿಗುವುದು ಹಳೆಯ ಕತೆಯಲ್ಲಿ. ಹಾಗಾಗಿ ಇಲ್ಲಿ ಇತಿಹಾಸ ಮಾತ್ರ ಇದೆ. ಶುಲ್ಕ, ವೀಸಾ, ಅಂಕಗಳ ಲೆಕ್ಕ ಇಲ್ಲ.

ಹೆಸರನ್ನು ಸರಿಯಾಗಿ ಹೇಳುವುದು ಹೇಗೆ?

ನಾವು ಸಾಮಾನ್ಯವಾಗಿ ಕಾರ್ನೆಗಿ ಅಂತ ಬರೆಯುತ್ತೇವೆ. ಪಿಟ್ಸ್‌ಬರ್ಗ್‌ನವರು ನಡುವಿನ ಅಕ್ಷರವನ್ನು ಎಳೆದು 'ಕಾರ್ನೇಗಿ' ಅನ್ನುತ್ತಾರೆ. ಸ್ಕಾಟ್ಲೆಂಡ್‌ನಿಂದ ಬಂದು ಉಕ್ಕಿನಲ್ಲಿ ದುಡ್ಡು ಮಾಡಿದ ಆಂಡ್ರ್ಯೂ ಕಾರ್ನೆಗಿ ಕೂಡ ಹಾಗೇ ಹೇಳುತ್ತಿದ್ದರು. ಅವರು 1900ರಲ್ಲಿ ಸ್ಥಾಪಿಸಿದ್ದು ಕಾರ್ಮಿಕರ ಮಕ್ಕಳಿಗೆ ಕಸುಬು ಕಲಿಸುವ ಶಾಲೆ. ಅದು 1912ರಲ್ಲಿ ಕಾರ್ನೆಗಿ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ ಆಯಿತು. 1967ರಲ್ಲಿ ಮೆಲನ್ ಇನ್‌ಸ್ಟಿಟ್ಯೂಟ್ ಜೊತೆ ಸೇರಿ ಕಾರ್ನೆಗಿ ಮೆಲನ್ ಆಯಿತು. ಅಂದರೆ 1965ರಲ್ಲಿ ಶುರುವಾದ ಅಲ್ಲಿಯ ಕಂಪ್ಯೂಟರ್ ಸೈನ್ಸ್ ವಿಭಾಗ ವಿಶ್ವವಿದ್ಯಾಲಯದ ಈಗಿನ ಹೆಸರಿಗಿಂತ ಹಳೆಯದು!

ಕಂಪ್ಯೂಟರ್ ಅಲ್ಲಿಗೆ ಬಂದದ್ದು ಯಾವಾಗ? ಎಂಜಿನಿಯರಿಂಗ್ ವಿಭಾಗಕ್ಕೇ ತಾನೇ?

ಅಲ್ಲ. ಮಜಾ ಇರುವುದೇ ಇಲ್ಲಿ. 1956ರಲ್ಲಿ ಐಬಿಎಂ 650 ಬಂದು ಕೂತದ್ದು ಬಿಸಿನೆಸ್ ಸ್ಕೂಲಿನ ನೆಲಮಾಳಿಗೆಯಲ್ಲಿ. ಅದರ ಮೆಮೊರಿ ಅಂದರೆ ತಿರುಗುವ ಒಂದು ಡ್ರಮ್. ಅದರಲ್ಲಿ ಹಿಡಿಸುತ್ತಿದ್ದದ್ದು ಹತ್ತಂಕಿಯ 2,000 ಸಂಖ್ಯೆಗಳು ಮಾತ್ರ. ಪ್ರೋಗ್ರಾಂ ಕೊಡಬೇಕಾದರೆ ತೂತು ಹೊಡೆದ ಕಾರ್ಡುಗಳ ಕಟ್ಟು ಹಿಡಿದು ಮೆಟ್ಟಿಲಿಳಿದು ಹೋಗಬೇಕು.

ಬಿಸಿನೆಸ್ ಸ್ಕೂಲಿಗೆ ಕಂಪ್ಯೂಟರ್ ಯಾಕೆ ಬೇಕಾಯಿತು? ಅಲ್ಲಿ ಹರ್ಬರ್ಟ್ ಸೈಮನ್ ಇದ್ದರು. ಕಂಪನಿಯಲ್ಲಿ, ಸರ್ಕಾರಿ ಕಚೇರಿಯಲ್ಲಿ ಜನ ನಿರ್ಧಾರ ತೆಗೆದುಕೊಳ್ಳುವುದು ಹೇಗೆ ಅನ್ನುವುದೇ ಅವರ ಜೀವನದ ಪ್ರಶ್ನೆ. ಮನುಷ್ಯ ಯೋಚಿಸುವ ರೀತಿಯನ್ನು ಯಂತ್ರದಲ್ಲಿ ಮಾಡಿ ನೋಡಬಹುದಲ್ಲ ಅಂತ ಅವರಿಗೂ ಅಲನ್ ನ್ಯೂವೆಲ್ ಅವರಿಗೂ ಅನ್ನಿಸಿತು. ಇಬ್ಬರೂ ರ‍್ಯಾಂಡ್ ಸಂಶೋಧನಾ ಸಂಸ್ಥೆಯ ಜೆ. ಸಿ. ಶಾ ಜೊತೆ ಸೇರಿ ಲಾಜಿಕ್ ಥಿಯರಿಸ್ಟ್ ಅನ್ನುವ ಪ್ರೋಗ್ರಾಂ ಬರೆದರು. ಅದು ತರ್ಕಶಾಸ್ತ್ರದ ಪ್ರಮೇಯಗಳನ್ನು ತಾನೇ ಸಾಧಿಸಿ ತೋರಿಸುತ್ತಿತ್ತು. 1956ರ ಜನವರಿಯಲ್ಲಿ ಸೈಮನ್ ತರಗತಿಗೆ ಬಂದವರೇ, ಕ್ರಿಸ್‌ಮಸ್ ರಜೆಯಲ್ಲಿ ನಾನೂ ನ್ಯೂವೆಲ್ಲೂ ಯೋಚಿಸುವ ಯಂತ್ರ ಕಂಡುಹಿಡಿದೆವು ಅಂತ ಹೇಳಿಬಿಟ್ಟರಂತೆ. ಆ ಹೊತ್ತಿಗೆ ಅದಿನ್ನೂ ಕಂಪ್ಯೂಟರ್ ಮೇಲೆ ಓಡಿರಲೂ ಇಲ್ಲ.

ಇದೇ ಸೈಮನ್‌ಗೆ 1975ರಲ್ಲಿ ನ್ಯೂವೆಲ್ ಜೊತೆ ಕಂಪ್ಯೂಟರ್ ಲೋಕದ ಅತಿ ದೊಡ್ಡ ಗೌರವವಾದ ಟ್ಯೂರಿಂಗ್ ಪ್ರಶಸ್ತಿ ಬಂತು. 1978ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಕೂಡ ಬಂತು. ಅವರು ಕಲಿಸುತ್ತಿದ್ದದ್ದು ಮುಖ್ಯವಾಗಿ ಮನಶ್ಶಾಸ್ತ್ರ. ಈ ಕಾಲೇಜಿನ ಗುಣ ಅರ್ಥವಾಗಬೇಕಾದರೆ ಈ ಒಬ್ಬರನ್ನು ನೋಡಿದರೆ ಸಾಕು.

ಹಾಗಾದರೆ ವಿಭಾಗ ಕಟ್ಟಿದವರು ಯಾರು?

ಮೂವರು. ನ್ಯೂವೆಲ್, ಸೈಮನ್ ಮತ್ತು ಅಲನ್ ಪರ್ಲಿಸ್. ಪರ್ಲಿಸ್ 1956ರಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದಿಂದ ಬಂದು ಕಂಪ್ಯೂಟರ್ ಕೇಂದ್ರ ವಹಿಸಿಕೊಂಡರು. ಪ್ರೋಗ್ರಾಂ ಅನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ಬರೆಯುವುದರಲ್ಲಿ, ಆಲ್ಗಾಲ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯನ್ನು ರೂಪಿಸುವುದರಲ್ಲಿ ಅವರದು ದೊಡ್ಡ ಕೈ. ಯಾವ ವಿಷಯ ಓದುವವರಾದರೂ ಪ್ರೋಗ್ರಾಮಿಂಗ್ ಕಲಿಯಲಿ ಅಂತ 1958ರ ಹೊತ್ತಿಗೇ ಮೊದಲ ವರ್ಷದ ವಿದ್ಯಾರ್ಥಿಗಳಿಗೆ ಪಾಠ ಶುರು ಮಾಡಿದರು. ಟ್ಯೂರಿಂಗ್ ಪ್ರಶಸ್ತಿ ಶುರುವಾದ 1966ರಲ್ಲಿ ಅದನ್ನು ಪಡೆದ ಮೊದಲಿಗರೂ ಅವರೇ.

ಬಿಸಿನೆಸ್, ಗಣಿತ, ಮನಶ್ಶಾಸ್ತ್ರ, ಎಲೆಕ್ಟ್ರಿಕಲ್ ವಿಭಾಗಗಳು ಮೊದಲು ಸೇರಿಕೊಂಡು ಒಂದು ಜಂಟಿ ಪಿಎಚ್‌ಡಿ ನಡೆಸುತ್ತಿದ್ದವು. 1965ರ ಜುಲೈನಲ್ಲಿ ಅದಕ್ಕೆ ಸ್ವಂತ ಮನೆ ಸಿಕ್ಕಿತು. ಪರ್ಲಿಸ್ ಮೊದಲ ಮುಖ್ಯಸ್ಥರು. ಅಮೆರಿಕದ ಮೊದಲ ಕಂಪ್ಯೂಟರ್ ಸೈನ್ಸ್ ವಿಭಾಗ ಇದೇ ಅಂತ ಕೆಲವರು ಹೇಳುತ್ತಾರೆ. ಅದು ತಪ್ಪು. 1962ರಲ್ಲೇ ಪರ್ಡ್ಯೂ ಶುರು ಮಾಡಿತ್ತು. ಪರ್ಲಿಸ್ ಬಿಟ್ಟುಬಂದ ಜಾಗವೇ ಮುಂದಾಯಿತು ನೋಡಿ.

ಆಗ ಬಿಎಸ್, ಅಂದರೆ ನಮ್ಮ ಬಿ.ಇ. ಥರದ ಮೊದಲ ಪದವಿ, ಇತ್ತೇ?

ಇರಲಿಲ್ಲ. ಆ ವಿಭಾಗ ಹುಟ್ಟಿದ್ದು ಪಿಎಚ್‌ಡಿಗಾಗಿ. ಬಿಎಸ್ ಮಟ್ಟದಲ್ಲಿ ಕಂಪ್ಯೂಟರ್ ಬೇಕು ಅನ್ನುವವರು ಬಹಳ ವರ್ಷ ಗಣಿತ ವಿಭಾಗದ ಮೂಲಕವೇ ಪದವಿ ಪಡೆಯುತ್ತಿದ್ದರು. ನಮ್ಮ ಕಡೆ ಮೊದಲು ಬಿ.ಇ. ಬರುತ್ತದೆ, ಸಂಶೋಧನೆ ಆಮೇಲೆ, ಬಂದರೆ ಬಂತು. ಅಲ್ಲಿ ಉಲ್ಟಾ ಆಯಿತು. ಮೊದಲು ಪ್ರಯೋಗಾಲಯ, ಆಮೇಲೆ ತರಗತಿ. ಈಗಿನ ಏಳು ವಿಭಾಗಗಳ ಪೈಕಿ ಹೆಚ್ಚಿನವು ಹುಟ್ಟಿದ್ದೂ ಇದೇ ಕ್ರಮದಲ್ಲಿ.

ಇಷ್ಟೆಲ್ಲ ದುಡ್ಡು ಎಲ್ಲಿಂದ ಬಂತು?

ಬಹುಪಾಲು ಅಮೆರಿಕದ ರಕ್ಷಣಾ ಇಲಾಖೆಯಿಂದ. ಅಲ್ಲಿಯ ಆರ್ಪಾ, ಆಮೇಲೆ ದಾರ್ಪಾ ಎಂದಾದ ಸಂಸ್ಥೆ, 1960ರ ದಶಕದಲ್ಲಿ ಕೆಲವೇ ವಿಶ್ವವಿದ್ಯಾಲಯಗಳನ್ನು ಆರಿಸಿಕೊಂಡು ದೊಡ್ಡ ಮೊತ್ತ ಕೊಡುತ್ತಿತ್ತು. ಎಂಐಟಿ, ಸ್ಟ್ಯಾನ್‌ಫರ್ಡ್, ಕಾರ್ನೆಗಿ ಈ ಮೂರರ ಕೃತಕ ಬುದ್ಧಿಮತ್ತೆ ಕೆಲಸ ಬೆಳೆದದ್ದೇ ಆ ಹಣದಲ್ಲಿ. ಮಾತನ್ನು ಗುರುತಿಸುವ ಪ್ರೋಗ್ರಾಂ, ಹತ್ತಾರು ಪ್ರೊಸೆಸರ್ ಕೂಡಿಸಿದ ಕಂಪ್ಯೂಟರ್, ತಾನೇ ಓಡುವ ವ್ಯಾನು, ಎಲ್ಲದರ ಹಿಂದೆ ಮಿಲಿಟರಿ ದುಡ್ಡಿದೆ. ಇದನ್ನು ಕೆಲವರು ಮುಜುಗರದಿಂದ ಮೆಲ್ಲಗೆ ಹೇಳುತ್ತಾರೆ. ಮುಚ್ಚಿಡುವಂಥದ್ದೇನಿಲ್ಲ, ಆದರೆ ಮರೆಯುವಂಥದ್ದೂ ಅಲ್ಲ. ಇಷ್ಟು ಧಾರಾಳವಾಗಿ, ಇಷ್ಟು ವರ್ಷ, ನಾಳೆಯೇ ಫಲ ತೋರಿಸು ಅನ್ನದೆ ಕೊಟ್ಟವರು ಬೇರೆ ಯಾರೂ ಇರಲಿಲ್ಲ.

ವಿಭಾಗ ಕಾಲೇಜಾದದ್ದು ಹೇಗೆ?

1980ರ ದಶಕದ ನಡುವೆ ವಿಭಾಗ ತುಂಬಿ ತುಳುಕುತ್ತಿತ್ತು. ಅದು ಇದ್ದದ್ದು ವಿಜ್ಞಾನ ಕಾಲೇಜಿನ ಕೆಳಗೆ, ಭೌತಶಾಸ್ತ್ರ, ರಸಾಯನಶಾಸ್ತ್ರಗಳ ಪಕ್ಕ. ಬಾಡಿಗೆ ಮನೆಯಲ್ಲಿದ್ದ ಸಂಸಾರ ಮನೆ ಮಾಲೀಕರಿಗಿಂತ ದೊಡ್ಡದಾದ ಹಾಗೆ. 1986ರಲ್ಲಿ ಅದನ್ನು ಯಾವ ಕಾಲೇಜಿಗೂ ಸೇರದ ಸ್ವತಂತ್ರ ವಿಭಾಗ ಮಾಡಿದರು. 1988ರ ಕೊನೆಯಲ್ಲಿ ಸ್ಕೂಲ್ ಆಫ್ ಕಂಪ್ಯೂಟರ್ ಸೈನ್ಸ್ ಆಯಿತು. ನೆದರ್‌ಲೆಂಡ್ಸ್‌ನಿಂದ ಬಂದಿದ್ದ ನಿಕೊ ಹಾಬರ್ಮನ್ ಮೊದಲ ಡೀನ್. ಎಂಐಟಿ ಇಂಥದೊಂದು ಕಂಪ್ಯೂಟಿಂಗ್ ಕಾಲೇಜು ಮಾಡುತ್ತೇವೆ ಅಂತ ಘೋಷಿಸಿದ್ದು 2018ರಲ್ಲಿ. ಅಂದರೆ ಮೂವತ್ತು ವರ್ಷ ಆದ ಮೇಲೆ.

ಹಾಬರ್ಮನ್ ಆದ ಮೇಲೆ ರಾಜ್ ರೆಡ್ಡಿ, ಜೇಮ್ಸ್ ಮಾರಿಸ್, ರ‍್ಯಾಂಡಲ್ ಬ್ರಯಂಟ್, ಆಂಡ್ರ್ಯೂ ಮೂರ್ ಡೀನ್ ಆದರು. 2019ರಲ್ಲಿ ರೊಬೊಟಿಕ್ಸ್‌ನ ಮಾರ್ಷಿಯಲ್ ಹೆಬರ್ ಬಂದರು.

ಆ ಏಳು ವಿಭಾಗ ಯಾವುವು?

ಕಂಪ್ಯೂಟರ್ ಸೈನ್ಸ್, ರೊಬೊಟಿಕ್ಸ್, ಭಾಷಾ ತಂತ್ರಜ್ಞಾನ, ಮನುಷ್ಯ ಮತ್ತು ಕಂಪ್ಯೂಟರ್ ಒಡನಾಟ, ಮೆಷಿನ್ ಲರ್ನಿಂಗ್ (ಉದಾಹರಣೆಗಳನ್ನು ನೋಡಿ ಯಂತ್ರವೇ ಕಲಿಯುವುದು), ಸಾಫ್ಟ್‌ವೇರ್ ಮತ್ತು ಸಮಾಜ, ಕಂಪ್ಯೂಟೇಶನಲ್ ಬಯಾಲಜಿ (ಜೀವಶಾಸ್ತ್ರಕ್ಕೆ ಕಂಪ್ಯೂಟರ್ ಬಳಕೆ). ಕೆಲವಕ್ಕೆ ಇನ್‌ಸ್ಟಿಟ್ಯೂಟ್ ಅನ್ನುವ ಹೆಸರು, ಕೆಲವಕ್ಕೆ ಡಿಪಾರ್ಟ್‌ಮೆಂಟ್. ಗಾಬರಿ ಬೇಡ. ಒಳಗೆ ಕೆಲಸ ನಡೆಯುವ ರೀತಿ ಒಂದೇ. ಹೆಸರಿನ ವ್ಯತ್ಯಾಸ ಅದು ಹುಟ್ಟಿದ ಗಳಿಗೆಯ ಗುರುತು ಅಷ್ಟೇ. ಯಾರೋ ನಾಲ್ಕು ಜನ ಒಂದು ಪ್ರಶ್ನೆ ಹಿಡಿದು ಕೂರುತ್ತಾರೆ. ಒಂದು ಕೇಂದ್ರ ಆಗುತ್ತದೆ. ಹಣ ಬರುತ್ತದೆ, ವಿದ್ಯಾರ್ಥಿಗಳು ಬರುತ್ತಾರೆ, ಪಿಎಚ್‌ಡಿ ಶುರುವಾಗುತ್ತದೆ. ಆಮೇಲೆ ಒಂದು ದಿನ ನೋಡಿದರೆ ಅದು ವಿಭಾಗ! ನಕ್ಷೆ ಬರೆದು ಕಟ್ಟಿದ ಮನೆ ಇದಲ್ಲ. ಮಕ್ಕಳಾದ ಹಾಗೆಲ್ಲ ಕೋಣೆ ಸೇರಿಸುತ್ತ ಹೋದ ಹಳ್ಳಿಮನೆ.

ರೊಬೊಟಿಕ್ಸ್‌ಗೆ ಇಷ್ಟು ಹೆಸರು ಯಾಕೆ?

ಬೇಗ ಶುರು ಮಾಡಿದ್ದಕ್ಕೆ. ಜೊತೆಗೆ ಹೊಲಸು, ಅಪಾಯದ ಜಾಗಗಳಿಗೆ ರೋಬೋ ಕಳಿಸಲು ಹಿಂಜರಿಯದೇ ಇದ್ದದ್ದಕ್ಕೆ.

ರೊಬೊಟಿಕ್ಸ್ ಇನ್‌ಸ್ಟಿಟ್ಯೂಟ್ 1979ರಲ್ಲಿ ವೆಸ್ಟಿಂಗ್‌ಹೌಸ್ ಕಂಪನಿಯ ಹಣದೊಂದಿಗೆ ಶುರುವಾಯಿತು. ರಾಜ್ ರೆಡ್ಡಿ ಮೊದಲ ನಿರ್ದೇಶಕರು. ಅದೇ ವರ್ಷ ಪೆನ್ಸಿಲ್ವೇನಿಯಾದ ಥ್ರೀ ಮೈಲ್ ಐಲೆಂಡ್ ಅಣುಸ್ಥಾವರದಲ್ಲಿ ಅಪಘಾತ ಆಗಿತ್ತು. ವಿಕಿರಣ ತುಂಬಿದ ಅದರ ನೆಲಮಾಳಿಗೆಗೆ ಮನುಷ್ಯರು ಇಳಿಯುವ ಹಾಗಿರಲಿಲ್ಲ. 1980ರ ದಶಕದ ಮೊದಲಲ್ಲಿ ರೆಡ್ ವಿಟಾಕರ್ ತಂಡ ಅಲ್ಲಿಗೆ ರೋಬೋಗಳನ್ನು ಇಳಿಸಿತು. 1994ರಲ್ಲಿ ಡಾಂಟೆ-2 ಅನ್ನುವ ಎಂಟು ಕಾಲಿನ ರೋಬೋ ಅಲಾಸ್ಕದ ಸ್ಪರ್ ಜ್ವಾಲಾಮುಖಿಯ ಬಾಯೊಳಗೆ ಇಳಿಯಿತು. ವಾಪಸ್ ಬರುವಾಗ ಉರುಳಿಬಿತ್ತು, ಆದರೆ ಅಷ್ಟರಲ್ಲಿ ಮಾಹಿತಿ ಕಳಿಸಿಯಾಗಿತ್ತು.

ಇನ್ನೊಂದು ಕಡೆ ನ್ಯಾವ್‌ಲ್ಯಾಬ್ ಅನ್ನುವ ವಾಹನಗಳ ಸಾಲು. 1995ರಲ್ಲಿ ಅವರ ಒಂದು ವ್ಯಾನು ಪಿಟ್ಸ್‌ಬರ್ಗ್‌ನಿಂದ ಸ್ಯಾನ್ ಡಿಯಾಗೋವರೆಗೆ, ಸುಮಾರು 4,500 ಕಿಲೋಮೀಟರ್ ದಾರಿಯಲ್ಲಿ ಶೇ. 98ರಷ್ಟು ದೂರ ತಾನೇ ಸ್ಟಿಯರಿಂಗ್ ತಿರುಗಿಸಿತು. ಬ್ರೇಕು, ಆಕ್ಸಿಲರೇಟರು ಮಾತ್ರ ಮನುಷ್ಯರ ಕಾಲಲ್ಲಿತ್ತು. 2007ರಲ್ಲಿ ಬಾಸ್ ಅನ್ನುವ ಅವರ ಕಾರು ದಾರ್ಪಾದ ಅರ್ಬನ್ ಚಾಲೆಂಜ್ ಗೆದ್ದು 20 ಲಕ್ಷ ಡಾಲರ್ ಬಹುಮಾನ ತಂದಿತು. ಅದೇ ಬಳಗದ ಎಷ್ಟೋ ಜನ ಆಮೇಲೆ ಗೂಗಲ್, ಊಬರ್ ಅಂತ ಚದುರಿದರು. ಪಿಟ್ಸ್‌ಬರ್ಗ್‌ನ ಉಕ್ಕಿನ ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿದ ಕಾಲದಲ್ಲೇ ಇದು ಬೆಳೆದದ್ದು. ಹಾಗಾಗಿ ಆ ಊರಿನವರಿಗೆ ಈ ರೋಬೋಗಳ ಮೇಲೆ ಸ್ವಲ್ಪ ಜಾಸ್ತಿಯೇ ಅಭಿಮಾನ.

ಅಂದಹಾಗೆ ಈ ಇನ್‌ಸ್ಟಿಟ್ಯೂಟನ್ನು 1990ರ ದಶಕದಲ್ಲಿ ಬಹುಕಾಲ ನಡೆಸಿದವರು ಜಪಾನಿನ ತಾಕೆಯೊ ಕನಾಡೆ. ಹೆಸರನ್ನು 'ಕನ್ನಡ' ಅಂತ ಓದಿ ಖುಷಿಪಟ್ಟವರಿದ್ದಾರೆ. ಸಂಬಂಧ ಏನೂ ಇಲ್ಲ.

ಭಾಷಾ ವಿಭಾಗದಲ್ಲಿ ಕನ್ನಡಕ್ಕೆ ಜಾಗ ಇದೆಯೇ?

ಇದೆ, ಸಣ್ಣದಾಗಿ. 1986ರಲ್ಲಿ ಹೈಮೆ ಕಾರ್ಬೊನೆಲ್ ಯಂತ್ರಾನುವಾದ ಕೇಂದ್ರ ಶುರು ಮಾಡಿದರು. ಅದು 1996ರಲ್ಲಿ ಭಾಷಾ ತಂತ್ರಜ್ಞಾನ ಇನ್‌ಸ್ಟಿಟ್ಯೂಟ್ ಆಯಿತು. ಅದಕ್ಕೂ ಮೊದಲೇ ಇಲ್ಲಿ ಮಾತು ಗುರುತಿಸುವ ಕೆಲಸ ಜೋರಾಗಿ ನಡೆದಿತ್ತು. 1976ರ ಹಾರ್ಪಿ ಅನ್ನುವ ಪ್ರೋಗ್ರಾಂಗೆ 1,011 ಪದ ಗೊತ್ತಿತ್ತು. 1980ರ ದಶಕದ ಕೊನೆಗೆ ಬಂದ ಸ್ಫಿಂಕ್ಸ್, ಯಾರು ಮಾತಾಡಿದರೂ, ತಡೆಯದೆ ಮಾತಾಡಿದರೂ ಗುರುತಿಸುವುದಕ್ಕೆ ಹೊರಟಿತು. ಇಲ್ಲಿಯ ಅಲನ್ ಬ್ಲ್ಯಾಕ್ ಬಳಗ ಬರಹವನ್ನು ಓದಿ ಹೇಳುವ ಕೃತಕ ಧ್ವನಿಗಳನ್ನು ಎಲ್ಲರಿಗೂ ಸಿಗುವ ಹಾಗೆ ಮಾಡಿತು. ಭಾರತೀಯ ಭಾಷೆಗಳಿಗಾಗಿ ಮಾಡಿದ ಧ್ವನಿಗಳಲ್ಲಿ ಕನ್ನಡದ್ದೂ ಒಂದಿದೆ.

ಮೆಷಿನ್ ಲರ್ನಿಂಗ್‌ಗೆ ಬೇರೆ ವಿಭಾಗ ಬೇಕಿತ್ತೇ?

2006ರಲ್ಲಿ ಇದೇ ಪ್ರಶ್ನೆ ಕೇಳಿದ್ದರೆ ಬಹಳ ಜನ ಬೇಡ ಅನ್ನುತ್ತಿದ್ದರು. ಟಾಮ್ ಮಿಚೆಲ್ ಮತ್ತು ಸಂಖ್ಯಾಶಾಸ್ತ್ರದ ಗೆಳೆಯರು 1997ರಲ್ಲಿ ಒಂದು ಕೇಂದ್ರ ಶುರು ಮಾಡಿದ್ದರು. 2006ರಲ್ಲಿ ಅದು ಮೆಷಿನ್ ಲರ್ನಿಂಗ್ ವಿಭಾಗ ಆಯಿತು. ಜಗತ್ತಿನಲ್ಲಿ ಆ ಹೆಸರಿನ ಮೊದಲ ವಿಭಾಗ ಅದೇ. ಆಗಿನ್ನೂ ಈಗಿನ ಕೃತಕ ಬುದ್ಧಿಮತ್ತೆಯ ಹಿಂದಿರುವ ಡೀಪ್ ಲರ್ನಿಂಗ್ ಅನ್ನುವ ಮಾತು ಬೀದಿಗೆ ಬಂದಿರಲಿಲ್ಲ. ನನ್ನ ಲೆಕ್ಕದಲ್ಲಿ ಈ ಕಾಲೇಜು ತೆಗೆದುಕೊಂಡ ಅತಿ ಧೈರ್ಯದ ನಿರ್ಧಾರ ಇದು.

ಉಳಿದ ಮೂರು?

ಮನುಷ್ಯ ಮತ್ತು ಕಂಪ್ಯೂಟರ್ ಒಡನಾಟದ ಇನ್‌ಸ್ಟಿಟ್ಯೂಟ್ 1990ರ ದಶಕದ ಮೊದಲರ್ಧದಲ್ಲಿ ಬಂತು. ಮನಶ್ಶಾಸ್ತ್ರ, ವಿನ್ಯಾಸ, ಪ್ರೋಗ್ರಾಮಿಂಗ್ ಮೂರೂ ಒಂದೇ ಕೋಣೆಯಲ್ಲಿ. ಸೈಮನ್ ಹಾದಿಯೇ ಇದು. ಸಾಫ್ಟ್‌ವೇರ್ ವಿಭಾಗ ಮೊದಲು ಸಾಫ್ಟ್‌ವೇರ್ ಸಂಶೋಧನಾ ಇನ್‌ಸ್ಟಿಟ್ಯೂಟ್ ಆಗಿತ್ತು. ದೊಡ್ಡ ಪ್ರೋಗ್ರಾಂ ಹೇಗೆ ಕಟ್ಟಬೇಕು ಅನ್ನುವುದರ ಜೊತೆ ಖಾಸಗಿತನ, ಕಾನೂನು, ಸಮಾಜವೂ ಅಲ್ಲಿಯ ವಿಷಯ. ಆಮೇಲೆ ಹೆಸರಿಗೂ 'ಸಮಾಜ' ಸೇರಿಕೊಂಡಿತು. ಬಯಾಲಜಿ ವಿಭಾಗದ ಬೇರು ಲೇನ್ ದಂಪತಿಯ ದಾನದಿಂದ ಶುರುವಾದ ಕೇಂದ್ರದಲ್ಲಿದೆ.

ಬೆಂಗಳೂರಿನ ಕಂಪನಿಗಳ ಗೋಡೆಯ ಮೇಲಿದ್ದ 'ಸಿಎಂಎಂ ಲೆವೆಲ್ 5' ಇವರದ್ದೇನಾ?

ವಿಶ್ವವಿದ್ಯಾಲಯ ಒಂದೇ, ಕಾಲೇಜು ಬೇರೆ. ರಕ್ಷಣಾ ಇಲಾಖೆ 1984ರಲ್ಲಿ ಕಾರ್ನೆಗಿ ಮೆಲನ್‌ನಲ್ಲಿ ಸಾಫ್ಟ್‌ವೇರ್ ಎಂಜಿನಿಯರಿಂಗ್ ಇನ್‌ಸ್ಟಿಟ್ಯೂಟ್ ಶುರು ಮಾಡಿಸಿತು. ಗುತ್ತಿಗೆದಾರರು ಸಾಫ್ಟ್‌ವೇರನ್ನು ಹೊತ್ತಿಗೆ ಸರಿಯಾಗಿ ಕೊಡುತ್ತಾರೋ ಇಲ್ಲವೋ ಅಂತ ಅಳೆಯುವ ಕೋಲು ಸರ್ಕಾರಕ್ಕೆ ಬೇಕಿತ್ತು. ಅಲ್ಲಿ ವಾಟ್ಸ್ ಹಂಫ್ರಿ ಮುಂದಾಳುತನದಲ್ಲಿ ಹುಟ್ಟಿದ್ದೇ ಐದು ಮೆಟ್ಟಿಲಿನ ಸಿಎಂಎಂ, ಅಂದರೆ ಕೇಪಬಿಲಿಟಿ ಮೆಚ್ಯೂರಿಟಿ ಮಾಡೆಲ್. ಅಮೆರಿಕದ ಮಿಲಿಟರಿಗಾಗಿ ಮಾಡಿದ ಆ ಅಳತೆಗೋಲನ್ನು ಅತಿ ಶ್ರದ್ಧೆಯಿಂದ ಹಿಡಿದುಕೊಂಡವರು ನಮ್ಮವರು. ಬೆಂಗಳೂರಿನ ಮೋಟೊರೋಲಾ ಘಟಕ 1990ರ ದಶಕದಲ್ಲೇ ಐದನೇ ಮೆಟ್ಟಿಲು ಹತ್ತಿತ್ತು. ಆಮೇಲೆ ರಿಸೆಪ್ಷನ್‌ನಲ್ಲಿ ಆ ಫಲಕ ಇಲ್ಲದ ಕಂಪನಿ ಕಂಪನಿಯೇ ಅಲ್ಲ ಅನ್ನುವ ಹಾಗಾಯಿತು.

ರಾಜ್ ರೆಡ್ಡಿ ನಮ್ಮ ಕಡೆಯವರಾ?

ಪಕ್ಕದವರು. ಚಿತ್ತೂರು ಜಿಲ್ಲೆಯ ಕಾಟೂರಿನವರು. ಮದ್ರಾಸಿನ ಗಿಂಡಿಯಲ್ಲಿ ಎಂಜಿನಿಯರಿಂಗ್ ಓದಿ, ಆಸ್ಟ್ರೇಲಿಯಾಕ್ಕೆ ಹೋಗಿ, ಸ್ಟ್ಯಾನ್‌ಫರ್ಡ್‌ನಲ್ಲಿ ಪಿಎಚ್‌ಡಿ ಮಾಡಿ, 1969ರಲ್ಲಿ ಪಿಟ್ಸ್‌ಬರ್ಗ್ ಸೇರಿದರು. 1994ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಬಂತು. ಏಷ್ಯಾ ಮೂಲದವರಿಗೆ ಅದೇ ಮೊದಲು.

ಕನ್ನಡ ಓದುಗರಿಗೆ ಅವರ ಇನ್ನೊಂದು ಕೆಲಸ ಹತ್ತಿರದ್ದು. ಹತ್ತು ಲಕ್ಷ ಪುಸ್ತಕ ಸ್ಕ್ಯಾನ್ ಮಾಡಿ ಪುಕ್ಕಟೆ ಓದಲು ಬಿಡಬೇಕು ಅನ್ನುವ ಯೋಜನೆಯನ್ನು ಅವರು ಹಾಕಿಕೊಂಡಾಗ, ಭಾರತದ ಕಡೆಯ ಕೆಲಸ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎನ್. ಬಾಲಕೃಷ್ಣನ್ ನೇತೃತ್ವದಲ್ಲಿ ನಡೆಯಿತು. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಅಂತ ಅದರ ಹೆಸರು. ಅಂಗಡಿಯಲ್ಲಿ ಎಲ್ಲೂ ಸಿಗದ ಹಳೆಯ ಕನ್ನಡ ಪುಸ್ತಕಗಳ ಪಿಡಿಎಫ್ ನಿಮ್ಮ ಹತ್ತಿರ ಇದ್ದರೆ, ಅದು ಈ ದಾರಿಯಲ್ಲಿ ಬಂದಿರುವ ಸಾಧ್ಯತೆ ಜಾಸ್ತಿ.

ಹುಡುಗಿಯರ ಸಂಖ್ಯೆ ಹೆಚ್ಚಿಸಿದ್ದು ನಿಜವೇ?

ನಿಜ. 1995ರಲ್ಲಿ ಬಿಎಸ್‌ಗೆ ಸೇರಿದವರಲ್ಲಿ ಹುಡುಗಿಯರು ಶೇ. 7. 2000ದ ಹೊತ್ತಿಗೆ ಶೇ. 42. ಐದೇ ವರ್ಷದಲ್ಲಿ ಇಷ್ಟು! ಅಲನ್ ಫಿಶರ್ ಮತ್ತು ಜೇನ್ ಮಾರ್ಗೋಲಿಸ್ ವಿದ್ಯಾರ್ಥಿಗಳ ಜೊತೆ ವರ್ಷಗಟ್ಟಲೆ ಕೂತು ಮಾತಾಡಿಸಿದರು. ಸಮಸ್ಯೆ ಗಣಿತದಲ್ಲಿ ಇರಲಿಲ್ಲ. ಹುಡುಗರು ಮನೆಯಲ್ಲೇ ಕಂಪ್ಯೂಟರ್ ಕುಟ್ಟಿ ಬಂದಿರುತ್ತಿದ್ದರು, ಪಾಠವೂ ಅವರ ವೇಗಕ್ಕೇ ಓಡುತ್ತಿತ್ತು. ಆಗ ಮಾಡಿದ್ದೇನೆಂದರೆ, ಪ್ರವೇಶಕ್ಕೆ ಮೊದಲೇ ಪ್ರೋಗ್ರಾಮಿಂಗ್ ಗೊತ್ತಿರಬೇಕು ಅನ್ನುವುದರ ತೂಕ ಇಳಿಸಿದರು. ಗೊತ್ತಿಲ್ಲದವರಿಗೆ ಬೇರೆ ಮೊದಲ ಕೋರ್ಸ್ ಇಟ್ಟರು. 1999ರಲ್ಲಿ ಬಂದ ಲೆನೋರ್ ಬ್ಲಮ್ ಹುಡುಗಿಯರ ಬಳಗ ಕಟ್ಟಿದರು. ಓದಿನ ಮಟ್ಟ ಇಳಿಸಲಿಲ್ಲ.

ಸ್ಮೈಲಿ ಹುಟ್ಟಿದ್ದು, ಕೋಕ್ ಯಂತ್ರ ನೆಟ್‌ಗೆ ಸೇರಿದ್ದು ಇಲ್ಲೇನಾ?

ಎರಡೂ ಇಲ್ಲೇ. ವಿಭಾಗ ಇದ್ದ ವೀನ್ ಹಾಲ್‌ನ ಮೇಲಿನ ಮಹಡಿಯಲ್ಲಿ ಕೂತವರು ಕೋಕ್ ತರಲು ಕೆಳಗಿಳಿದು ಹೋದರೆ ಯಂತ್ರ ಖಾಲಿ, ಇಲ್ಲವೇ ಬಾಟಲಿ ಬಿಸಿ. ಬೇಸತ್ತು ಒಳಗೆ ಸ್ವಿಚ್ಚು ಅಳವಡಿಸಿ ಕಂಪ್ಯೂಟರಿಗೆ ತಂತಿ ಎಳೆದರು. ಯಾವ ಸಾಲಿನ ಬಾಟಲಿ ತಣ್ಣಗಾಗಿದೆ ಅಂತ ಕೂತಲ್ಲೇ ಗೊತ್ತಾಗುತ್ತಿತ್ತು. ವಸ್ತುಗಳನ್ನೇ ನೆಟ್‌ಗೆ ಜೋಡಿಸುವ ಈಗಿನ ಇಂಟರ್ನೆಟ್ ಆಫ್ ಥಿಂಗ್ಸ್‌ನ ಮೊದಲ ವಸ್ತು ಅಂತ ಇದನ್ನೇ ತೋರಿಸುತ್ತಾರೆ. ಸೋಮಾರಿತನಕ್ಕೂ ಇತಿಹಾಸದಲ್ಲಿ ಜಾಗ ಇದೆ.

ಸ್ಮೈಲಿ 1982ರ ಸೆಪ್ಟೆಂಬರ್ 19ರದ್ದು. ಲಿಫ್ಟ್‌ನಲ್ಲಿ ಪಾದರಸ ಚೆಲ್ಲಿದೆ ಅಂತ ಯಾರೋ ವಿಭಾಗದ ಕಂಪ್ಯೂಟರ್ ನೋಟಿಸ್ ಬೋರ್ಡಿನಲ್ಲಿ ತಮಾಷೆಗೆ ಬರೆದದ್ದನ್ನು ಕೆಲವರು ನಿಜವೆಂದುಕೊಂಡರು. ತಮಾಷೆಗೆ ಒಂದು ಗುರುತು ಬೇಕು ಅಂತ ಚರ್ಚೆ ಎದ್ದಿತು. ಸ್ಕಾಟ್ ಫಾಲ್ಮನ್ :-) ಅಂತ ಬರೆದು, ತಲೆ ವಾಲಿಸಿ ಓದಿ ಅಂದರು.

ಕಾಸ್ಪರೋವ್‌ರನ್ನು ಸೋಲಿಸಿದ ಡೀಪ್ ಬ್ಲೂ ಐಬಿಎಂದಲ್ಲವೇ?

ಗೆದ್ದಾಗ ಐಬಿಎಂದು. ಬೀಜ ಇಲ್ಲಿಯದು. ಡೀಪ್ ಥಾಟ್ ಅನ್ನುವ ಚೆಸ್ ಆಡುವ ಯಂತ್ರವನ್ನು ಇಲ್ಲಿಯ ಪಿಎಚ್‌ಡಿ ವಿದ್ಯಾರ್ಥಿಗಳು ಕಟ್ಟಿದರು. 1988ರಲ್ಲಿ ಅದು ಗ್ರ್ಯಾಂಡ್‌ಮಾಸ್ಟರ್ ಬೆಂಟ್ ಲಾರ್ಸನ್‌ರನ್ನು ಸೋಲಿಸಿತು. ಆಮೇಲೆ ತಂಡದ ಮುಖ್ಯರು ಐಬಿಎಂ ಸೇರಿದರು. 1997ರಲ್ಲಿ ಆಗಿದ್ದು ನಿಮಗೆ ಗೊತ್ತೇ ಇದೆ.

'ಬ್ಲ್ಯಾಕ್ ಫ್ರೈಡೇ' ಅಂದರೆ ರಿಯಾಯಿತಿ ಮಾರಾಟವೇ?

ಅಲ್ಲಿ ಅಲ್ಲ. ಕಂಪ್ಯೂಟರ್ ಸೈನ್ಸ್ ವಿಭಾಗದಲ್ಲಿ ಸೆಮಿಸ್ಟರ್ ಕೊನೆಗೆ ಪ್ರಾಧ್ಯಾಪಕರೆಲ್ಲ ಕೂತು ಪ್ರತಿಯೊಬ್ಬ ಪಿಎಚ್‌ಡಿ ವಿದ್ಯಾರ್ಥಿಯ ಕೆಲಸವನ್ನೂ ಪರಿಶೀಲಿಸುವ ದಿನ. ಆಮೇಲೆ ಒಬ್ಬೊಬ್ಬರಿಗೂ ಪತ್ರ ಬರುತ್ತದೆ. ಹೆಸರು ಭಯ ಹುಟ್ಟಿಸುತ್ತದೆ. ಆದರೆ ಐದು ವರ್ಷ ಯಾರೂ ನಿಮ್ಮನ್ನು ಕೇಳದೇ ಇರುವುದಕ್ಕಿಂತ ಇದು ಒಳ್ಳೆಯದು.

ಇಷ್ಟರಲ್ಲಿ ಯಾವ ವಿಭಾಗಕ್ಕೆ ಅರ್ಜಿ ಹಾಕಲಿ?

ಬಿಎಸ್‌ಗಾದರೆ ಕಂಪ್ಯೂಟರ್ ಸೈನ್ಸ್ ಹಳೆಯ ಹೆದ್ದಾರಿ. 2018ರಿಂದ ಕೃತಕ ಬುದ್ಧಿಮತ್ತೆಯಲ್ಲೇ ಬಿಎಸ್ ಇದೆ, ಅಮೆರಿಕದಲ್ಲಿ ಅದು ಮೊದಲನೆಯದು. ಪಿಎಚ್‌ಡಿಗಾದರೆ ವಿಭಾಗದ ಹೆಸರನ್ನು ಪಕ್ಕಕ್ಕಿಡಿ. ನಿಮ್ಮ ಪ್ರಶ್ನೆಯ ಮೇಲೆ ಕೆಲಸ ಮಾಡುತ್ತಿರುವ ಪ್ರಾಧ್ಯಾಪಕರು ಯಾರು, ಅವರು ಯಾವ ವಿಭಾಗದಲ್ಲಿ ಕೂರುತ್ತಾರೆ ನೋಡಿ. ಒಬ್ಬರೇ ಎರಡು ಮೂರು ವಿಭಾಗಗಳಲ್ಲಿ ಇರುವುದೂ ಉಂಟು. 2009ರಲ್ಲಿ ಗೇಟ್ಸ್ ಮತ್ತು ಹಿಲ್ಮನ್ ಕಟ್ಟಡಗಳು ತೆರೆದ ಮೇಲೆ ಬಹಳ ಜನ ಅಕ್ಕಪಕ್ಕದ ಕೋಣೆಗಳಿಗೇ ಬಂದರು. ಆ ಕಟ್ಟಡದಿಂದ ನಾಟಕ ವಿಭಾಗದ ಕಡೆಗೆ ಒಂದು ಸೇತುವೆ ಇದೆ. 2008ರಲ್ಲಿ ತೀರಿಕೊಂಡ ಪ್ರಾಧ್ಯಾಪಕ ರ‍್ಯಾಂಡಿ ಪಾಶ್ ಹೆಸರನ್ನು ಅದಕ್ಕಿಟ್ಟಿದ್ದಾರೆ. ಕಂಪ್ಯೂಟರಿನವರನ್ನೂ ನಾಟಕದವರನ್ನೂ ಒಂದೇ ತರಗತಿಯಲ್ಲಿ ಕೂರಿಸಿದವರು ಅವರು. ರಾತ್ರಿ ಹೋದರೆ ಸೇತುವೆಯ ಬದಿಯ ದೀಪಗಳು ಬಣ್ಣ ಬದಲಿಸುತ್ತಿರುತ್ತವೆ.